ಸೀಸದ ಗುಂಡಿನ ಚಾವಿ

ಕಾರಿನ ಲಾಕು ಕೆಟ್ಟರೆ ಸರಿ ಮಾಡಿಸಬೇಕು, ಸರಿಯಾಗದಿದ್ದರೆ ಹೊಸದು ಹಾಕಿಸಬೇಕು. ಇದರಲ್ಲಿ ತಪ್ಪೇನಿದೆ ಹೇಳಿ? ನಾನೂ ಅಷ್ಟೇ ಮಾಡಿದ್ದು. ಅಷ್ಟು ಮಾಡಿ, ನನ್ನ ಅಣ್ಣ ದಿನಾ ನನ್ನ ಜೊತೆ ಅಂಕೋಲೆಗೆ ಬರುತ್ತಿದ್ದುದನ್ನು ನಿಲ್ಲಿಸಿಬಿಟ್ಟೆ. ಬೇಕಂತ ಮಾಡಿದ್ದಲ್ಲ, ಗೊತ್ತಿರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆದರೆ ಗೊತ್ತಾಗಬೇಕಿತ್ತು. ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಬೇಕಿತ್ತು.

ನಾನು ಅಂಕೋಲೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ಅಕ್ಕೋರು. ಮನೆ ಕಾರವಾರದಲ್ಲಿ, ಕಡಲಿಗೆ ಹತ್ತಿರ. ನಾನು ಮದುವೆಯಾಗಲಿಲ್ಲ. ಅತ್ತಿಗೆ ತೀರಿಕೊಂಡು, ಅವರ ಮಗಳು ಮದುವೆಯಾಗಿ ಗೋವೆಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ಅಣ್ಣ ಮತ್ತು ನಾನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಶಾಲೆಯ ಮಕ್ಕಳು ನನಗೆ ಇಟ್ಟ ಅಡ್ಡಹೆಸರು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಅಣ್ಣ ನನಗಿಂತ ಏಳು ವರ್ಷ ದೊಡ್ಡವನು, ನಾನು ಕೂಗಾಡಿದಷ್ಟೂ ನಗುವವನು. ‘ಮುಗೀತಾ? ಇನ್ನೂ ಇದ್ಯಾ?’ ಅಂತ ಕೇಳುವವನು. ಅದನ್ನು ಕೇಳಿ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ನಮ್ಮದು ಮೀನು ಹಿಡಿಯುವ ಮನೆತನ. ಅಣ್ಣ ನಲವತ್ತರವರೆಗೆ ಬೋಟಿಗೆ ಹೋದ. ಆಮೇಲೆ ಸೊಂಟ ಹಿಡಿದುಕೊಂಡಿತು ಅಂತ ಕಡಲು ಬಿಟ್ಟು, ಒಂದು ಹೊಸ ಕಾರು ತಂದು ಬಾಡಿಗೆಗೆ ಓಡಿಸಿದ. ಗೋವೆ, ಗೋಕರ್ಣ, ಸುಂಕಸಾಳದ ಕಡೆ ಘಟ್ಟ, ಎಲ್ಲಿಗೆ ಕರೆದರೂ ಹೋಗುತ್ತಿದ್ದ. ಹದಿನಾರು ವರ್ಷ ಓಡಿಸಿದ ಮೇಲೆ ಒಂದು ಸಂಜೆ ಬಿಣಗಾದ ಹತ್ತಿರ ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳು ಬಾನೆಟ್ಟಿನ ಮುಂದೆ ಬರುವವರೆಗೂ ಅವನಿಗೆ ಕಾಣಲಿಲ್ಲ. ಬ್ರೇಕು ಹಿಡಿಯಿತು, ದೇವರು ದೊಡ್ಡವನು. ಡಾಕ್ಟರು ನೋಡಿ, ಕಣ್ಣಿನ ನರ ಒಣಗುತ್ತಿದೆ, ಬದಿಯ ದೃಷ್ಟಿ ಹೋಗಿದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಆದಷ್ಟು ದಿನ ಉಳಿಸಿಕೊಳ್ಳೋಣ ಅಂದರು. ಮನೆಗೆ ಬಂದವನೇ ಚಾವಿ ತೆಗೆದು ನನ್ನ ಕೈಯಲ್ಲಿಟ್ಟ.

‘ಇನ್ನು ಗಾಡಿ ನಿಂದು. ನೀ ಕಲಿ’ ಅಂದ.

‘ಐವತ್ತರ ಹತ್ರ ಬಂದ ಮೇಲೆ ಎಂತಾ ಕಲಿಯೂದು ಮಾರಾಯ?’

‘ಬೈಗುಳ ಇಷ್ಟು ಬೇಗ ಬತ್ತದಲ್ಲ ನಿಂಗೆ, ಗೇರು ಬರೂದಿಲ್ವಾ?’

ಅವನೇ ಪಕ್ಕದಲ್ಲಿ ಕೂತು ಕಲಿಸಿದ. ಕಾಗದಪತ್ರ ಎಲ್ಲ ನನ್ನ ಹೆಸರಿಗೆ ಮಾಡಿಕೊಟ್ಟ. ಅವನು ಕೊಟ್ಟರೆ ಕೊಟ್ಟ ಹಾಗೇ. ಆ ದಿನದಿಂದ ಅದನ್ನು ‘ನನ್ನ ಗಾಡಿ’ ಅಂತ ಒಂದು ಸಲವೂ ಅನ್ನಲಿಲ್ಲ. ‘ನಿನ್ನ ಗಾಡಿ ತೊಳಿಬೇಕು’ ಅನ್ನುತ್ತಿದ್ದ.

ಆ ಚಾವಿಗೆ ಅಪ್ಪನ ಬೀಸುಬಲೆಯ ನಾಲ್ಕು ಸೀಸದ ಗುಂಡುಗಳನ್ನು ಬಲೆಯ ದಾರದಲ್ಲೇ ಪೋಣಿಸಿ ಕಟ್ಟಿದ್ದ. ನಮ್ಮ ಕೇರಿಯಲ್ಲಿ ಯಾರ ಚಾವಿ ನೋಡಿದರೂ ಹೀಗೆ ಏನಾದರೊಂದು ಇರುತ್ತದೆ. ಬೋಟಿಗೆ ಹೋಗುವವರು ಬಲೆಯ ಬೆಂಡು ಕಟ್ಟುತ್ತಾರೆ, ನೀರಿಗೆ ಬಿದ್ದರೆ ತೇಲಲಿ ಅಂತ. ದಡದಲ್ಲಿ ಉಳಿದವರು ಗುಂಡು ಕಟ್ಟುತ್ತಾರೆ, ಕಿಸೆಯಲ್ಲಿ ಇದೆಯೋ ಇಲ್ಲವೋ ಭಾರದಿಂದಲೇ ಗೊತ್ತಾಗಲಿ ಅಂತ. ಗಾಡಿ ಓಡುವಾಗ ಆ ಗುಂಡುಗಳು ಸ್ಟಿಯರಿಂಗಿನ ಕೆಳಗಿನ ಪ್ಲಾಸ್ಟಿಕ್ಕಿಗೆ ಟಕಟಕ ಬಡಿಯುತ್ತಿದ್ದವು. ಬಡಿದು ಬಡಿದು ಅಲ್ಲೊಂದು ಕುಳಿಯೇ ಬಿದ್ದಿತ್ತು. ಆ ಭಾರ ಚಾವಿಯನ್ನೂ ಲಾಕನ್ನೂ ಒಳಗೊಳಗೇ ತಿನ್ನುತ್ತಿದೆ ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ.

ಗಾಡಿ ನನ್ನ ಕೈಗೆ ಬಂದ ಮೊದಲ ಎರಡು ತಿಂಗಳು ಅಣ್ಣ ಮನೆಯಲ್ಲೇ ಕೂತಿದ್ದ. ಅಂಕೋಲೆಯ ಮೀನು ಮಾರ್ಕೆಟ್ಟಿನ ಹತ್ತಿರ ಅವನ ಹಳೇ ಗೆಳೆಯನ ಅಂಗಡಿಯಿದೆ. ಬಲೆ, ಹಗ್ಗ, ಗಾಳ ಮಾರುತ್ತಾನೆ. ಬೊಬ್ರುವಾಡದವನು, ಇಬ್ಬರೂ ಒಂದೇ ಬೋಟಿನಲ್ಲಿ ಇದ್ದವರು. ‘ಬಾರೋ ಅಣ್ಣ, ಬೆಳಿಗ್ಗೆ ಅವನ ಅಂಗಡಿಗೆ ಬಿಡ್ತೆ, ಸಂಜೆ ಕರ್ಕೊಂಡು ಬತ್ತೆ. ಮಾತಾಡ್ತಾ ಕೂತ್ಕೊ’ ಅಂತ ನಾನು ಎಷ್ಟು ಸಲ ಕರೆದೆ!

‘ನಾ ಬಂದು ಎಂತಾ ಮಾಡೂದು?’ ಅನ್ನುತ್ತಿದ್ದ. ಅಷ್ಟೇ ಉತ್ತರ. ಬಸ್ಸಿಗೆ ಒಬ್ಬನೇ ಹತ್ತಲು ಅವನಿಗೆ ಆಗುತ್ತಿರಲಿಲ್ಲ, ಬದಿಯಿಂದ ಬರುವ ಗಾಡಿ ಕಾಣುತ್ತಿರಲಿಲ್ಲ.

ಆ ಉತ್ತರದ ಅರ್ಥ ನನಗೆ ತಿಳಿಯಬೇಕಿತ್ತು ಅಂತ ಹೇಳಿದೆನಲ್ಲ, ಅದಕ್ಕೆ ಕಾರಣವಿದೆ. ನಾವು ಸಣ್ಣವರಿದ್ದಾಗ ನಮ್ಮ ದಡದಲ್ಲಿ ರಂಪಣಿ ಎಳೆಯುತ್ತಿದ್ದರು. ದೊಡ್ಡ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಸುತ್ತ ಬಿಡುವುದು, ಆಮೇಲೆ ಎರಡೂ ಕಡೆಯ ಹಗ್ಗ ಹಿಡಿದು ಊರಿಗೆ ಊರೇ ದಡದಿಂದ ಎಳೆಯುವುದು. ಹಗ್ಗಕ್ಕೆ ಕೈ ಹಚ್ಚಿದ ಪ್ರತಿಯೊಬ್ಬರಿಗೂ ಮೀನಿನಲ್ಲಿ ಪಾಲು. ಮುದುಕಿಯಾದರೂ ಸರಿ, ಪರವೂರಿನವನಾದರೂ ಸರಿ. ಕೈ ಹಚ್ಚದವನಿಗೆ ಇಲ್ಲ, ಅವನು ಬಲೆಯ ಯಜಮಾನನ ತಮ್ಮನೇ ಆಗಿದ್ದರೂ ಇಲ್ಲ. ಒಮ್ಮೆ ಅಪ್ಪನಿಗೆ ಜ್ವರ ಬಂದು ಮಲಗಿದ್ದಾಗ ಅಣ್ಣ ಅಪ್ಪನ ಬದಲು ಹೋದ. ತಲುಪುವಷ್ಟರಲ್ಲಿ ಬಲೆ ದಡಕ್ಕೆ ಬಂದಿತ್ತು. ಮುಂದಾಳು ತಾಂಡೇಲ ನಮ್ಮ ಮನೆಯ ಪರಿಸ್ಥಿತಿ ಗೊತ್ತಿದ್ದವನು, ಅಣ್ಣನ ಬುಟ್ಟಿಗೆ ಒಂದು ಪಾಲು ಬಂಗಡೆ ಸುರಿದ. ಅಣ್ಣ ಬುಟ್ಟಿ ಮಗುಚಿ ಮೀನನ್ನು ರಾಶಿಗೇ ಹಾಕಿ ಬಂದ. ‘ನಾ ಹಗ್ಗ ಹಿಡಿಲಿಲ್ಲ’ ಅಂದನಂತೆ. ಆವತ್ತು ಮನೆಯಲ್ಲಿ ಗಂಜಿ ಮತ್ತು ಮಾವಿನಮಿಡಿ. ಬಂಗಡೆ ಬರುತ್ತದೆ ಅಂತ ಬೆಳಗಿನಿಂದ ಕಾದಿದ್ದ ನಾನು ತಟ್ಟೆ ಎಸೆದು ಕೂಗಿದೆ. ಅವನು ಆಗಲೂ ನಕ್ಕ. ಬಿದ್ದ ಗಂಜಿಯನ್ನು ಬಾಚಿ, ತನ್ನ ತಟ್ಟೆಯನ್ನು ನನ್ನ ಮುಂದೆ ಸರಿಸಿದ. ಈ ಕತೆಯನ್ನು ನಾನು ಶಾಲೆಯಲ್ಲಿ ಮಕ್ಕಳಿಗೆ ಹತ್ತಾರು ಸಲ ಹೇಳಿದ್ದೇನೆ. ಹೇಳಲು ಬರುತ್ತಿತ್ತು, ಅಷ್ಟೇ.

ಮೂರನೇ ತಿಂಗಳು ಚಾವಿ ಬಿಗಿಯಾಗತೊಡಗಿತು. ಉಪ್ಪುಗಾಳಿಯ ಊರು, ಬಾಗಿಲಿನ ಚಿಲಕದಿಂದ ಹಿಡಿದು ಎಲ್ಲದಕ್ಕೂ ನಮ್ಮಲ್ಲಿ ಒಂದೇ ಮದ್ದು, ತೆಂಗಿನೆಣ್ಣೆ. ನಾನು ಅಡುಗೆಮನೆಯಿಂದ ಚಮಚ ತಂದು ಲಾಕಿನ ತೂತಿಗೆ ಹೊಯ್ದೆ. ಎರಡು ದಿನ ನುಣ್ಣಗೆ ತಿರುಗಿತು. ಆಮೇಲೆ ದೂಳು, ಮರಳು, ಎಣ್ಣೆ ಎಲ್ಲ ಸೇರಿ ಅಂಟಾಗಿ ಕೂತು, ಒಂದು ಬೆಳಿಗ್ಗೆ ಚಾವಿ ಅಲ್ಲಾಡಲೇ ಇಲ್ಲ. ತಿರುಗಿಸಿ ತಿರುಗಿಸಿ ನನ್ನ ಅಂಗೈ ಕೆಂಪಾಯಿತು. ಗಾಡಿಯ ಟೈರಿಗೆ ಒದ್ದೆ. ಜಗಲಿಯಲ್ಲಿ ಕೂತು ಎಲ್ಲ ಕೇಳುತ್ತಿದ್ದ ಅಣ್ಣ ಇಳಿದು ಬಂದು, ‘ಸರಿ ಅತ್ಲಾಗೆ’ ಅಂದ. ಸೀಟಿನಲ್ಲಿ ಕೂತು, ಚಾವಿ ಹಾಕಿ, ಕಣ್ಣು ಮುಚ್ಚಿದ. ಕಟ್ ಅಂತ ಸದ್ದಾಯಿತು, ಎಂಜಿನು ಎದ್ದಿತು.

‘ಹೆಂಗೆ ಮಾಡ್ದೆ?’

‘ಪೂರ್ತಿ ಒಳಗೆ ಹಾಕು. ಒಂದು ಎಳೆ ಹಿಂದೆ ತೆಗಿ. ಸ್ವಲ್ಪ ಮೇಲೆ ಎತ್ತಿ ಹಿಡಿ. ಎಡಗೈಯಲ್ಲಿ ಸ್ಟಿಯರಿಂಗು ಚೂರು ಅಲ್ಲಾಡ್ಸು. ಆಮೇಲೆ ತಿರುಗ್ಸು. ಜೋರು ಮಾಡ್ಬೇಡ್ವೇ, ಅದು ಹೇಳೂದು ಕೇಳು.’

ಗಣಿತದವಳಲ್ಲವೇ, ಹೆಜ್ಜೆಹೆಜ್ಜೆಯಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದ ಹಾಗೇ ಮಾಡಿದೆ. ಹತ್ತರಲ್ಲಿ ಒಂದು ಸಲ ತಿರುಗಿದರೆ ದೊಡ್ಡದು. ಸಂಜೆ ಶಾಲೆ ಬಿಟ್ಟ ಮೇಲೆ ಅಂಕೋಲೆಯಲ್ಲಿ ಸಿಕ್ಕಿಬಿದ್ದರೆ ಗತಿ ಏನು? ಆಗ ಅವನು ತಾನಾಗಿಯೇ ಅಂದ, ‘ನಾ ಬತ್ತೆ ಬಿಡು. ಬೆಳಿಗ್ಗೆ ಇಲ್ಲಿ ಚಾಲು ಮಾಡ್ಕೊಡ್ತೆ, ಸಂಜೆ ಅಲ್ಲಿ ಚಾಲು ಮಾಡ್ಕೊಡ್ತೆ.’

ಹಾಗೆ ಶುರುವಾಯಿತು. ಹೆಚ್ಚುಕಡಿಮೆ ಎರಡು ವರ್ಷ ಹಾಗೇ ನಡೆಯಿತು. ಬೆಳಿಗ್ಗೆ ಎಂಟಕ್ಕೆ ಇಸ್ತ್ರಿ ಅಂಗಿ ಹಾಕಿ, ಕೈಚೀಲದಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಇಳಿದು ಬರುತ್ತಿದ್ದ. ಡ್ರೈವರ್ ಸೀಟಿನಲ್ಲಿ ಕೂತು ಗಾಡಿ ಚಾಲೂ ಮಾಡಿ, ಇಳಿದು, ಬಾನೆಟ್ಟಿಗೆ ಕೈ ಆನಿಸುತ್ತ ಸುತ್ತಿಕೊಂಡು ಆಚೆ ಸೀಟಿಗೆ ಹೋಗಿ ಗತ್ತಿನಿಂದ ಕೂರುತ್ತಿದ್ದ. ದಾರಿಯಲ್ಲಿ ಸದ್ದಿನ ಮೇಲೆ ಊರು ಹೇಳುತ್ತಿದ್ದ. ಸುರಂಗದೊಳಗೆ ಎಂಜಿನಿನ ದನಿ ಮುಚ್ಚಿಕೊಂಡು ಮತ್ತೆ ತೆರೆದ ಕೂಡಲೇ ‘ಬಿಣಗಾ’ ಅನ್ನುತ್ತಿದ್ದ. ಟೈರಿನ ಸದ್ದು ಬದಲಾದರೆ ‘ಸೇತುವೆ. ಇನ್ನೇನು ಬಂತು’ ಅನ್ನುತ್ತಿದ್ದ. ನನ್ನ ತಪ್ಪು ಗೇರಿಗೆ ‘ಅಯ್ಯೋ, ಪಾಪ ಗಾಡಿ’ ಅನ್ನುತ್ತಿದ್ದ. ಗೆಳೆಯನ ಅಂಗಡಿಯಲ್ಲಿ ಇಡೀ ದಿನ ಹರಿದ ಬಲೆ ಹೆಣೆಯುತ್ತಿದ್ದ. ಬಲೆಗೆ ಕಣ್ಣು ಬೇಡ, ಬೆರಳು ಸಾಕು. ಸಂಜೆ ನಾಲ್ಕೂವರೆಗೆ ಗೆಳೆಯ ಅವನನ್ನು ಶಾಲೆಯ ಗೇಟಿಗೆ ತಂದು ಬಿಡುತ್ತಿದ್ದ. ಮನೆಗೆ ಬಂದ ಮೇಲೆ ಊಟಕ್ಕೆ ಕೂತಾಗ ಮಾರ್ಕೆಟ್ಟಿನ ಸುದ್ದಿಯೆಲ್ಲ ಹೇಳುತ್ತಿದ್ದ. ಅವನು ಅಷ್ಟು ಖುಷಿಯಾಗಿದ್ದುದನ್ನು ಅತ್ತಿಗೆ ಹೋದ ಮೇಲೆ ನಾನು ನೋಡಿರಲಿಲ್ಲ.

ಆದರೆ ನನಗೆ ನಾಚಿಕೆ ಆಗತೊಡಗಿತ್ತು. ಅದನ್ನೂ ಬರೆದುಬಿಡುತ್ತೇನೆ. ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಿದ್ದರು. ‘ಅಕ್ಕೋರೇ, ನಿಮ್ಮ ಸ್ಟಾರ್ಟರ್ ಬಂದ್ರು, ಗೇಟಲ್ಲಿ ನಿಂತಿದಾರೆ’ ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಮಧ್ಯಾಹ್ನ ಏನಾದರೂ ಕೆಲಸಕ್ಕೆ ಹೊರಗೆ ಹೋಗಬೇಕೆಂದರೆ ಆಗದು. ಬೇಗ ಹೊರಡಬೇಕೆಂದರೆ ಅವನಿಗೆ ಹೇಳಿ ಕಳಿಸಬೇಕು. ಇಷ್ಟು ವರ್ಷ ಯಾರ ಹಂಗೂ ಇಲ್ಲದೆ ಬದುಕಿದವಳು ನಾನು, ಒಂದು ಚಾವಿಗೋಸ್ಕರ ಕಾಯಬೇಕಾಯಿತಲ್ಲ ಅನ್ನಿಸುತ್ತಿತ್ತು.

ಒಂದು ಶುಕ್ರವಾರ ಕಾರವಾರದಲ್ಲಿ ಐದೂವರೆಗೆ ಪರೀಕ್ಷೆಯ ವಿಷಯದಲ್ಲಿ ಮೀಟಿಂಗು ಇತ್ತು. ‘ಸರಿಯಾಗಿ ನಾಲ್ಕಕ್ಕೆ ಗೇಟಿನ ಹತ್ರ ಇರು’ ಅಂತ ಬೆಳಿಗ್ಗೆ ಮೂರು ಸಲ ಹೇಳಿದ್ದೆ. ನಾಲ್ಕಾಯಿತು, ಐದಾಯಿತು, ಅವನಿಲ್ಲ. ನಾನೇ ತಿರುಗಿಸಲು ಹೋಗಿ ಉಗುರು ಕಿತ್ತುಹೋಯಿತು. ನಡೆದುಕೊಂಡು ಮಾರ್ಕೆಟ್ಟಿಗೆ ಹೋದೆ. ಅಂಗಡಿಯ ಮುಂದೆ ನಾಲ್ಕೈದು ಜನ ನಿಂತಿದ್ದರು. ಅಣ್ಣ ಗೆಳೆಯನ ಸ್ಕೂಟರಿನಿಂದ ಆಗ ತಾನೇ ಇಳಿಯುತ್ತಿದ್ದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಕಡಲದಂಡೆಯಲ್ಲಿ ರಂಪಣಿ ಬಿಟ್ಟಿದ್ದಾರೆಂದು ಯಾರೋ ಹೇಳಿದರಂತೆ, ಇಬ್ಬರೂ ಓಡಿದ್ದರಂತೆ.

‘ತಂಗೀ, ಬಂಗಡೆ’ ಅಂತ ಚೀಲ ಎತ್ತಿ ತೋರಿಸಿದ. ‘ನಾನೂ ಹಗ್ಗ ಹಿಡ್ದೆ. ಎಷ್ಟು ವರ್ಷ ಆಗಿತ್ತು!’

ನಾನು ಚೀಲ ನೋಡಲಿಲ್ಲ, ಅವನ ಮುಖ ನೋಡಲಿಲ್ಲ. ಆ ಜನರೆಲ್ಲರ ಎದುರಿಗೆ ಕೂಗಿದೆ. ‘ನಿನ್ನಿಂದ ಒಂದು ದಿನ ನೆಮ್ಮದಿ ಇಲ್ಲ ನಂಗೆ! ನಿನ್ನ ಕಾಯ್ತಾ ನಾ ಭಿಕಾರಿ ಹಂಗೆ ಗೇಟಲ್ಲಿ ನಿಂತಿರ್ಬೇಕಾ? ಸಾಕಾಯ್ತು. ನಾಳೆನೇ ಲಾಕು ಬದಲಾಯ್ಸ್ತೆ. ಇನ್ನು ನೀ ಬೇಡ!’

ಲಾಕಿನ ಮಾತು ಅದು. ಇನ್ನು ನಿನಗೆ ಈ ತೊಂದರೆ ಬೇಡ ಅಂತ ಅರ್ಥ ಮಾಡಿಕೊಳ್ಳಬಹುದಿತ್ತು ಅಂತ ಎಷ್ಟೋ ಸಲ ವಾದ ಮಾಡಿಕೊಂಡಿದ್ದೇನೆ. ಆದರೆ ನನ್ನ ಬಾಯಿಂದ ಬಂದದ್ದು ‘ನೀ ಬೇಡ’. ಅಣ್ಣ ಆವತ್ತು ‘ಮುಗೀತಾ?’ ಅಂತ ಕೇಳಲಿಲ್ಲ. ಶಾಲೆಯವರೆಗೆ ಗೆಳೆಯನ ಭುಜ ಹಿಡಿದು ಬಂದು ಗಾಡಿ ಚಾಲೂ ಮಾಡಿಕೊಟ್ಟ. ಮೀಟಿಂಗು ತಪ್ಪಿತು. ಮನೆಯಲ್ಲಿ ಮೀನನ್ನು ಅವನೇ ತಡವಿ ತಡವಿ ಕೊಯ್ದು ಸಾರು ಮಾಡಿದ. ನಾನು ಸಿಟ್ಟಿನಲ್ಲಿ ಮೊಸರನ್ನ ತಿಂದೆದ್ದೆ.

ಮರುದಿನ ಶನಿವಾರ, ಅರ್ಧ ದಿನ ಶಾಲೆ. ಲಾಕು ಬದಲಾಯಿಸಲು ಗಾಡಿ ಅಂಕೋಲೆಗೆ ಹೋಗಬೇಕಿತ್ತು. ಅದನ್ನು ಚಾಲೂ ಮಾಡಿದವನೂ ಅಣ್ಣನೇ. ಆಗ ಒಂದು ಗಳಿಗೆ ಕೈ ತಡೆದು ನೋಡಬಹುದಿತ್ತು ನಾನು.

ಚಾವಿ ರಿಪೇರಿಯವನು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿಕೊಂಡು ಮೊದಲು ಚಾವಿಯನ್ನು ಬೆಳಕಿಗೆ ಹಿಡಿದು ನೋಡಿದ. ಸೀಸದ ಗುಂಡುಗಳನ್ನು ಅಂಗೈಯಲ್ಲಿ ತೂಗಿ ನಕ್ಕ.

‘ಅಕ್ಕೋರೇ, ಇದು ಚಾವಿಯೋ, ಬಲೆಯೋ? ಇಷ್ಟು ಭಾರ ನೇತಾಡಿದ್ರೆ ಯಾವ ಲಾಕು ಉಳಿತದೆ? ನೋಡಿ, ಹಲ್ಲೆಲ್ಲ ಸವೆದು ಹೋಗಿದೆ. ಲಾಕಿಗಿಂತ ಜಾಸ್ತಿ ಚಾವಿನೇ ಹಾಳಾಗಿದೆ. ಇದನ್ನ ನೋಡಿ ಬೇರೆ ಚಾವಿ ಕೊಯ್ದ್ರೆ ಅದೂ ಹಿಂಗೇ ಸವೆದದ್ದೇ ಬತ್ತದೆ. ಗಾಡಿ ಜೊತೆ ಕೊಟ್ಟ ಎರಡನೇ ಚಾವಿ ಇದ್ಯಾ? ಅದೊಂದು ಇದ್ರೆ, ಲಾಕು ತೊಳೆದುಕೊಡ್ತೆ, ಇನ್ನೂ ನಾಕು ವರ್ಷ ಯಾರು ಬೇಕಾದ್ರೂ ತಿರುಗಿಸ್ಬಹುದು.’

ನಾನು ಅಣ್ಣನ ಕಡೆ ನೋಡಿದೆ. ಬೆಂಚಿನ ಮೇಲೆ ಕೈಚೀಲ ತೊಡೆಯ ಮೇಲಿಟ್ಟು ಕೂತಿದ್ದ.

‘ಇಲ್ಲ. ಅದು ಕಡಲಿಗೆ ಬಿತ್ತು’ ಅಂದ.

‘ಯಾವಾಗ? ನಂಗೆ ಹೇಳ್ಲೇ ಇಲ್ಲ!’

‘ಹಳೇ ಕತೆ. ಈಗ ಎಂತಕ್ಕೆ?’

‘ಇದಕ್ಕೆ ನಾಲ್ಕು ಗುಂಡು, ಅದು ನೀರಿಗೆ! ಚೆನ್ನಾಗಿದೆ ನಿನ್ನ ವ್ಯಾಪಾರ’ ಅಂದೆ. ರಿಪೇರಿಯವನು ನಕ್ಕ. ಅಣ್ಣನೂ ನಕ್ಕ ಹಾಗೆ ಮಾಡಿದ.

ರಿಪೇರಿಯವನು ಬ್ಯಾಟರಿಯ ವಾಯರು ತೆಗೆದು, ಸ್ಟಿಯರಿಂಗಿನ ಕೆಳಗಿನ ಪ್ಲಾಸ್ಟಿಕ್ ಕವಚ ಬಿಚ್ಚಿದ. ಲಾಕನ್ನು ಹಿಡಿದುಕೊಂಡಿರುವ ಎರಡು ಬೋಲ್ಟುಗಳ ತಲೆಯನ್ನು ಕಂಪನಿಯಲ್ಲೇ ಬೇಕಂತ ಮುರಿದಿರುತ್ತಾರಂತೆ, ಕಳ್ಳರು ಬಿಚ್ಚಬಾರದು ಅಂತ. ಚಾಣದಿಂದ ಸಣ್ಣಗೆ ಬಡಿದು ಬಡಿದು ಅವನ್ನು ತಿರುಗಿಸಿ ತೆಗೆದ. ಆ ಒಂದೊಂದು ಏಟಿಗೂ ಅಣ್ಣನ ಕತ್ತು ಚೂರು ಅಲುಗುತ್ತಿತ್ತು. ಕಣ್ಣು ಕಾಣದವರಿಗೆ ಸದ್ದು ಜೋರಾಗಿ ಕೇಳುತ್ತದೆ ಅಂದುಕೊಂಡೆ. ತೊಳೆದರೆ ಹಳೇ ಚಾವಿಗೇ ತಿರುಗೀತೋ ನೋಡೋಣವೆಂದು ಹಳೇ ಲಾಕನ್ನು ಪೆಟ್ರೋಲಿನಲ್ಲಿ ಅದ್ದಿದಾಗ ನನ್ನ ತೆಂಗಿನೆಣ್ಣೆ ಕಪ್ಪು ಅಂಟಾಗಿ ಹೊರಗೆ ಬಂತು. ‘ಎಣ್ಣೆ ಹೊಯ್ದವ್ರು ಯಾರು?’ ಅಂತ ಅವನು ಕೇಳಿದಾಗ ನಾನು ಕೈಗಡಿಯಾರ ನೋಡಿಕೊಂಡೆ. ಹೊಸ ಲಾಕು ಕೂಡಿಸಿ, ಹೊಳೆಯುವ ಎರಡು ಚಾವಿ ಕೊಟ್ಟ. ಒಂದೇ ಬೆರಳಿಗೆ ತಿರುಗಿತು. ‘ಹಳೇದು ಗುಜರಿಗೆ ಹಾಕಲಾ?’ ಅಂದಾಗ ಅಣ್ಣ ಕೈ ಚಾಚಿದ. ಪೇಪರಿನಲ್ಲಿ ಸುತ್ತಿ ಕೊಟ್ಟದ್ದನ್ನು ಕೈಚೀಲದಲ್ಲಿ, ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡ. ವಾಪಸು ಬರುವಾಗ ಸೇತುವೆ ಬಂದರೂ ಸುರಂಗ ಬಂದರೂ ಅವನು ಏನೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಇಸ್ತ್ರಿ ಅಂಗಿ ಹಾಕಿ, ಡಬ್ಬಿ ಹಿಡಿದು ಇಳಿದು ಬರುವಷ್ಟರಲ್ಲಿ ನಾನು ಗಾಡಿ ಚಾಲೂ ಮಾಡಿ ಕೂತಿದ್ದೆ. ‘ಅಣ್ಣಾ, ಕೇಳಿತಾ? ಒಂದೇ ಸಲಕ್ಕೆ!’ ಅಂತ ಕಿಟಕಿಯಿಂದ ಕೂಗಿದೆ. ಅಂಗಳದ ನಡುವೆ ನಿಂತು ಎಂಜಿನಿನ ಸದ್ದು ಕೇಳಿದ.

‘ಅಡ್ಡಿಲ್ಲ. ಚೆನ್ನಾಗಿ ಎತ್ತಿದೆ’ ಅಂದ.

‘ಹತ್ತು, ಹೊತ್ತಾಯ್ತು.’

‘ಇವತ್ತು ನೀ ಹೋಗಿ ಬಾ. ನಂಗೆ ಸ್ವಲ್ಪ ಕೆಲಸ ಇದೆ.’

ಕೆಲಸ! ಊಟದ ಡಬ್ಬಿ ಕೈಯಲ್ಲಿ ಹಿಡಿದು ನಿಂತವನಿಗೆ ಮನೆಯಲ್ಲಿ ಎಂಥ ಕೆಲಸ? ನಾನು ಕೇಳಲಿಲ್ಲ. ಇಳಿದು ಹೋಗಿ ಕೈ ಹಿಡಿದು ಕರೆಯಲಿಲ್ಲ. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಯಾರನ್ನೂ ಕಾಯುವುದಿಲ್ಲ, ಯಾರ ಟೀಕೆಯೂ ಇಲ್ಲ. ಸುರಂಗ ದಾಟುವಾಗ ರೇಡಿಯೋ ಹಚ್ಚಿಕೊಂಡೆ. ಆ ಖುಷಿಯನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ಮರುದಿನ ತಲೆನೋವು ಅಂದ. ಅದರ ಮರುದಿನ ಇನ್ನೇನೋ. ಒಂದು ವಾರದ ಮೇಲೆ ನಾನು ಕರೆಯುವುದನ್ನು ಬಿಟ್ಟೆ, ಅವನು ಅಂಗಿ ಇಸ್ತ್ರಿ ಮಾಡುವುದನ್ನು ಬಿಟ್ಟ. ಗೆಳೆಯ ಎರಡು ಸಲ ಶಾಲೆಯ ಗೇಟಿಗೇ ಬಂದು ಕೇಳಿದ, ‘ಎಂತಾ ಅಕ್ಕೋರೇ, ನಮ್ಮ ಜನ ಎಲ್ಲಿ? ಬಲೆ ರಾಶಿ ಬಿದ್ದದೆ.’ ನಾನು ಹೇಳಿದರೆ ಅಣ್ಣ, ‘ಅಂವ ಬೇರೆಯವ್ರ ಹತ್ರ ಹೆಣೆಸ್ಲಿ’ ಅಂದ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಆ ಹಳೇ ಲಾಕನ್ನು ಹಿಡಿದು ಕೂರುತ್ತಿದ್ದ. ಸವೆದ ಚಾವಿಯನ್ನು ಹಾಕುವುದು, ಎಳೆ ಹಿಂದೆ ತೆಗೆಯುವುದು, ಎತ್ತುವುದು, ತಿರುಗಿಸುವುದು. ಕಟ್. ಲಾಕಿನ ಬದಿಯಿಂದ ಕಬ್ಬಿಣದ ನಾಲಿಗೆಯೊಂದು ಒಳಗೆ ಹೋಗುವುದು, ಹೊರಗೆ ಬರುವುದು. ಸಂಜೆ ಪೂರ್ತಿ ಅದೇ ಸದ್ದು. ‘ಸಾಕು ಮಾಡು ಮಾರಾಯ, ತಲೆ ಚಿಟ್ಟು ಹಿಡಿತದೆ’ ಅಂತ ಅದಕ್ಕೂ ಬೈದೆ. ಅವನು ಅದನ್ನು ಒಳಗಿನ ಕಿಟಕಿಯ ಮೇಲಿಟ್ಟ. ಆಮೇಲೆ ಸುಮ್ಮನೆ ಕೂತ. ಮಳೆಗಾಲ ಮುಗಿಯುವಷ್ಟರಲ್ಲಿ ಮೆಟ್ಟಿಲು ಇಳಿಯಲೂ ಗೋಡೆ ಹಿಡಿಯತೊಡಗಿದ. ಕಣ್ಣಿನದು ಎಷ್ಟೋ, ಮನಸ್ಸಿನದು ಎಷ್ಟೋ, ಡಾಕ್ಟರಿಗೂ ಹೇಳಲು ಬರಲಿಲ್ಲ.

ಆಯುಧಪೂಜೆ ಬಂತು. ಪ್ರತಿ ವರ್ಷ ಪೂಜೆಗೆ ಇಡುವುದು ಅಣ್ಣನ ಕೆಲಸ. ಅಪ್ಪನ ದೋಣಿಯ ಹುಟ್ಟು, ಕತ್ತಿ, ಮೀನು ಕೊಯ್ಯುವ ಈಳಿಗೆ, ಬಲೆ ಹೆಣೆಯುವ ಸೂಜಿಗಳು, ಕಾರಿನ ಚಾವಿ, ನನ್ನ ಕಂಪಾಸು ಪೆಟ್ಟಿಗೆ. ‘ನಿನ್ನ ಆಯುಧ ಬಾಯಿ. ಅದಕ್ಕೇ ಕುಂಕುಮ ಹಚ್ಕೊ’ ಅಂತ ವರ್ಷವೂ ಹಂಗಿಸುತ್ತಿದ್ದ. ಈ ಸಲ ಅದನ್ನೂ ಹೇಳಲಿಲ್ಲ. ಜಗಲಿಯಲ್ಲೇ ಕೂತು, ‘ನೀನೇ ಇಡು ತಂಗೀ. ನಂಗೆ ಕಾಣೂದಿಲ್ಲ’ ಅಂದ.

ಸೂಜಿಗಳ ಡಬ್ಬಿ ತೆಗೆದೆ. ತಳದಲ್ಲಿ ಕೆಂಪು ಬಟ್ಟೆಯ ಸಣ್ಣ ಗಂಟು. ಅದನ್ನು ಅವನು ಪ್ರತಿ ವರ್ಷ ಸೂಜಿಗಳ ಕೆಳಗೆ ಇಡುವುದನ್ನು ನೋಡಿದ್ದೆ, ಯಾವುದೋ ದೇವರ ಪ್ರಸಾದ ಇರಬೇಕು ಅಂದುಕೊಂಡಿದ್ದೆ. ಅರಿಶಿನ ಕುಂಕುಮ ಹಚ್ಚೋಣವೆಂದು ಬಿಚ್ಚಿದೆ. ಒಳಗೆ ಕಾರಿನ ಚಾವಿ ಇತ್ತು. ಅರಿಶಿನದ ಕಲೆ ಬಿಟ್ಟರೆ ಹೊಚ್ಚ ಹೊಸದು, ಒಂದು ಹಲ್ಲೂ ಸವೆದಿಲ್ಲ.

ಕಿಟಕಿಯ ಮೇಲಿದ್ದ ಹಳೇ ಲಾಕನ್ನು ತೆಗೆದುಕೊಂಡೆ. ಚಾವಿ ಹಾಕಿ ತಿರುಗಿಸಿದೆ. ಎಳೆ ಹಿಂದೆ ತೆಗೆದಿಲ್ಲ, ಎತ್ತಿ ಹಿಡಿದಿಲ್ಲ, ಏನೂ ಮಾಡಿಲ್ಲ. ಕಟ್ ಅಂತ ತಿರುಗಿತು.

ಹೊರಗೆ ಅಣ್ಣ ಪಕ್ಕದ ಮನೆಯವರ ಹತ್ತಿರ ಹವೆಯ ವಿಷಯ ಏನೋ ಮಾತಾಡುತ್ತಿದ್ದ. ಮಾತು ಅರ್ಧಕ್ಕೆ ನಿಂತಿತು. ಕಿಟಕಿಯಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಸದ್ದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಮಾತು ಮುಂದುವರಿಸಿದ. ನಾನು ಚಾವಿಯನ್ನು ಗಂಟು ಕಟ್ಟಿ ಸೂಜಿಗಳ ಕೆಳಗೇ ಇಟ್ಟೆ, ಎಲ್ಲದಕ್ಕೂ ಕುಂಕುಮ ಹಚ್ಚಿದೆ, ಆರತಿ ಎತ್ತಿದೆ. ಆರತಿ ತಟ್ಟೆಯನ್ನು ಅವನ ಮುಂದೆ ಹಿಡಿದಾಗ ಅವನು ಕೈ ಚಾಚಿ ಬಿಸಿ ಎಲ್ಲಿದೆ ಅಂತ ಹುಡುಕಿ ಕಣ್ಣಿಗೆ ಒತ್ತಿಕೊಂಡ.

ಗಾಡಿ ಬಿಗಿಯಾದ ಮೊದಲ ದಿನವೇ ಆ ಚಾವಿ ಕೊಟ್ಟಿದ್ದರೆ ನನ್ನ ಕಷ್ಟ ಅಲ್ಲಿಗೇ ಮುಗಿಯುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಕೊಟ್ಟಿದ್ದರೆ ತಾನು ಯಾವ ಮುಖದಲ್ಲಿ ಆಚೆ ಸೀಟಿನಲ್ಲಿ ಕೂರುವುದು ಎಂಬುದೂ ಗೊತ್ತಿತ್ತು. ಬುಟ್ಟಿಯ ಬಂಗಡೆಯನ್ನು ವಾಪಸು ಸುರಿದು ಬಂದವನು, ಜೀವನದಲ್ಲಿ ಒಂದು ಸುಳ್ಳು ಹೇಳಿದ್ದು ದಿನಕ್ಕೆರಡು ಸಲ ಕೈ ಹಚ್ಚುವುದಕ್ಕೋಸ್ಕರ. ನೋಟ್‌ಬುಕ್ಕಿನಲ್ಲಿ ಬರೆಸುವಾಗಲೂ ಯಾವುದೋ ಒಂದು ಹೆಜ್ಜೆಯನ್ನು ನನಗೆ ಹೇಳದೇ ಉಳಿಸಿಕೊಂಡಿದ್ದನೇನೋ. ಉಳಿಸಿಕೊಂಡಿದ್ದರೆ ಒಳ್ಳೆಯದೇ ಮಾಡಿದ. ನಾನೇ ಹೋಗಿ ಅದನ್ನು ಕಿತ್ತುಕೊಂಡೆ.

ರಜೆ ಮುಗಿದು ಶಾಲೆ ಶುರುವಾದ ದಿನ ಬೆಳಿಗ್ಗೆ ನಾನು ಗಾಡಿಯಲ್ಲಿ ಕೂತು, ಚಾವಿ ಹಾಕಿ, ತಿರುಗಿಸದೆ ಸುಮ್ಮನೆ ಅಲ್ಲಾಡಿಸಿದೆ. ಬಾಗಿಲು ದಡ್ಡಂತ ಹಾಕಿದೆ. ಟೈರಿಗೂ ಒದ್ದೆ.

‘ಅಣ್ಣಾ! ಈ ಹಾಳಾದ್ದು ತಿರುಗ್ತಾನೇ ಇಲ್ಲ! ಸ್ವಲ್ಪ ಬಾರೋ!’

ಅವನು ಕುರ್ಚಿಯಿಂದ ಎದ್ದ. ಗೋಡೆ ಹಿಡಿದು ಮೂರು ಮೆಟ್ಟಿಲು ಇಳಿದ. ಬಾನೆಟ್ಟಿಗೆ ಕೈ ಆನಿಸುತ್ತ ಸುತ್ತಿ ಬಂದು, ‘ಸರಿ ಅತ್ಲಾಗೆ’ ಅಂದ. ಸೀಟಿನಲ್ಲಿ ಕೂತ. ಅವನ ಬೆರಳು ಚಾವಿಯ ಕೆಳಗೆ ಗುಂಡುಗಳನ್ನು ಹುಡುಕಿತು, ಅಲ್ಲಿ ಏನೂ ಇರಲಿಲ್ಲ. ಕಣ್ಣು ಮುಚ್ಚಿದ. ತಿರುಗಿಸಿದ. ಎಂಜಿನು ಒಂದೇ ಸಲಕ್ಕೆ ಎದ್ದಿತು.

ಅವನು ಇಳಿಯಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದ. ನಾನು ಓಡಿಹೋಗಿ ಆಚೆ ಕಡೆಯ ಬಾಗಿಲು ತೆಗೆದು ಹಿಡಿದು ನಿಂತೆ. ‘ಸಂಜೆ ಅಲ್ಲಿ ಮತ್ತೆ ಹಿಂಗೇ ಆದ್ರೆ ಎಂತಾ ಮಾಡೂದು? ನೀನೂ ಬಾ. ನೀ ಬರ್ಲೇಬೇಕು ಅಣ್ಣ’ ಅಂದೆ. ನನ್ನ ದನಿ ನನಗೇ ಬೇರೆ ಯಾರದ್ದೋ ಅನ್ನಿಸಿತು.

ಆಗ ಅವನು ನಕ್ಕ. ಎಷ್ಟೋ ತಿಂಗಳ ಮೇಲೆ ಅವನ ಹಳೇ ನಗು.

‘ನಿಂಗೆ ಸುಳ್ಳು ಹೇಳೂಕೆ ಬರೂದಿಲ್ಲ ತಂಗೀ’ ಅಂದ. ‘ನನ್ನಷ್ಟು ಬರೂದಿಲ್ಲ.’

ನಿಧಾನ ಇಳಿದು, ಬಾನೆಟ್ಟು ಸುತ್ತಿ ನಾನಿದ್ದ ಕಡೆ ಬಂದು, ನನ್ನ ತಲೆ ಎಲ್ಲಿದೆ ಅಂತ ಕೈಯಿಂದ ಹುಡುಕಿ, ಒಮ್ಮೆ ಮುಟ್ಟಿ, ಗೋಡೆ ಹಿಡಿದು ಮೆಟ್ಟಿಲು ಹತ್ತಿದ. ‘ಹೋಗು, ಹೊತ್ತಾಯ್ತು’ ಅಂದ.

ನಾನು ಹೋಗಲಿಲ್ಲ. ಗಾಡಿ ಚಾಲೂ ಇದ್ದ ಹಾಗೇ ಅಂಗಳದಲ್ಲಿ ನಿಂತು ಅತ್ತೆ. ಅಳುವಿನ ಸದ್ದು ಅವನಿಗೆ ಕೇಳಬಾರದು ಅಂತ ಎಂಜಿನು ಆರಿಸಲಿಲ್ಲ. ಶಾಲೆಗೆ ಮುಟ್ಟುವಷ್ಟರಲ್ಲಿ ಮೊದಲ ಪಿರಿಯಡ್ಡು ಮುಗಿದಿತ್ತು. ಯಾಕೆ ತಡ ಅಂತ ಕೇಳಿದರು. ಲಾಕು ತಿರುಗಲಿಲ್ಲ ಅಂದೆ.